ಉಪಾಧ್ಯಾಯಿನಿಗೆ ಮನೋರಮೆ ಯಾರು?

“ಶಾಲೆಯ ಕೆಲಸವೆಂದರೆ ಏನು ಮಹಾ? ಹತ್ತಕ್ಕೆ ಹೋಗುವುದು, ನಾಲ್ಕಕ್ಕೆ ಬರುವುದು, ವರ್ಷಕ್ಕೆ ಎರಡು ಸಲ ದೊಡ್ಡ ರಜೆ ಬೇರೆ” ಎಂಬ ಮಾತು ನಮ್ಮ ಕಾವೂರಿನ ಕಡೆ ಇಂದಿಗೂ ಸತ್ತಿಲ್ಲ. ಮದುವೆಯ ಮಾತುಕತೆಗಳಲ್ಲಂತೂ ಅದು ತಪ್ಪದೆ ಕೇಳಿಬರುವುದು. ಹುಡುಗಿ ಶಾಲೆಯಲ್ಲಿ ಕಲಿಸುವವಳಾದರೆ ಸಂಬಳವೂ ಬರುವುದು, ಗೃಹಕೃತ್ಯಕ್ಕೂ ಅಡ್ಡಿಯಾಗದು ಎಂದು ಹಿರಿಯರು ಲೆಕ್ಕ ಹಾಕುವರು. ಆ ಲೆಕ್ಕವನ್ನು ವಾಚಕರೊಡನೆ ಕುಳಿತು ಒಮ್ಮೆ ಕೂಡಿಸಿ ಕಳೆದು ನೋಡಬೇಕೆಂಬುದು ಈ ತಿಂಗಳ ನಮ್ಮ ಇಚ್ಛೆ.

ಮೊದಲು ಕಾನೂನಿನ ಮಾತು. ಮಕ್ಕಳ ಶಿಕ್ಷಣದ ಹಕ್ಕಿನ ಬಗ್ಗೆ 2009ರಲ್ಲಿ ಆದ ಕಾಯಿದೆಯು, ಪಾಠದ ಸಿದ್ಧತೆಯೂ ಸೇರಿ, ಉಪಾಧ್ಯಾಯರಿಗೆ ವಾರಕ್ಕೆ 45 ಗಂಟೆಗಳ ಕೆಲಸವನ್ನು ಗೊತ್ತುಮಾಡಿದೆ. ಆರು ದಿನಗಳಿಗೆ ಹಂಚಿದರೆ ದಿನವೊಂದಕ್ಕೆ ಏಳೂವರೆ ಗಂಟೆಯಾಯಿತು. ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, ಮೇಲಿನ ಮೂರು ತರಗತಿಗಳಿಗೆ 220 ದಿನ ಶಾಲೆ ನಡೆಯತಕ್ಕದ್ದು. ಹತ್ತರಿಂದ ನಾಲ್ಕರ ಲೆಕ್ಕ ಇಲ್ಲಿಯೇ ಮುರಿಯಿತು. ಚೀಲದಲ್ಲಿ ಮನೆಗೆ ಬರುವ ಉತ್ತರಪತ್ರಿಕೆಗಳ ಕಟ್ಟಾಗಲಿ, ರಾತ್ರಿ ಊಟದ ಹೊತ್ತಿಗೆ ಮೊಬೈಲಿನಲ್ಲಿ ಬರುವ ಪೋಷಕರ ಪ್ರಶ್ನೆಗಳಾಗಲಿ ಯಾವ ಅನುಸೂಚಿಯಲ್ಲಿಯೂ ಇಲ್ಲ.

ಇನ್ನು ದೊಡ್ಡ ರಜೆಯ ಮಾತು. ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ ಇವುಗಳ ಹೊರತು ಪಾಠಕ್ಕೆ ಸಂಬಂಧಿಸದ ಕೆಲಸಕ್ಕೆ ಉಪಾಧ್ಯಾಯರನ್ನು ಕಳುಹಿಸಬಾರದೆಂದು ಅದೇ ಕಾಯಿದೆ ಹೇಳುವುದು. ಆದರೆ 2025ರಲ್ಲಿ ಏನಾಯಿತೆಂಬುದು ವಾಚಕರಿಗೆ ನೆನಪಿರಬಹುದು. ಸೆಪ್ಟೆಂಬರ್ 22ರಂದು ನವರಾತ್ರಿಯ ಮೊದಲ ದಿನವೇ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಭಾರ ಬಹುಮಟ್ಟಿಗೆ ಶಾಲಾ ಉಪಾಧ್ಯಾಯರ ಮೇಲೆಯೇ ಬಿತ್ತು. ಕೆಲಸ ಮುಗಿಯದಿದ್ದುದರಿಂದ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಲಾಯಿತು. ಮಕ್ಕಳಿಗೆ ಅದು ರಜೆ; ಅವರ ಟೀಚರಿಗೆ ಪರರ ಮನೆಯ ಮೆಟ್ಟಿಲು. ಕುದ್ರೋಳಿಯ ದೀಪಗಳನ್ನು ತನ್ನ ಮಕ್ಕಳ ಕೈಹಿಡಿದು ನೋಡಬೇಕೆಂದಿದ್ದ ತಾಯಿಯ ಆಸೆ ಹೇಗಾಗಿರಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

“ಹಿಂದಿನವರು ಇದಕ್ಕಿಂತ ಕಷ್ಟದಲ್ಲಿ ಕಲಿಸಿ, ಅದರ ಮೇಲೆ ಎಷ್ಟೊಂದು ಸಾಧಿಸಲಿಲ್ಲ!” ಎಂದು ಆಕ್ಷೇಪಿಸುವವರುಂಟು. ನಿಜವೇ. ನಮ್ಮ ಕರಾವಳಿಯ ಉಪಾಧ್ಯಾಯರಷ್ಟು ಬಹುಮುಖವಾಗಿ ಬಾಳಿದವರು ವಿರಳ. ಪಂಜೆ ಮಂಗೇಶರಾಯರು ಶಾಲೆಗಳ ಇನ್ಸ್‌ಪೆಕ್ಟರರಾಗಿ ಊರೂರು ತಿರುಗುತ್ತಲೇ ಮಕ್ಕಳ ಹಾಡು ಕತೆಗಳನ್ನು ಕಟ್ಟಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತ, ಬೇಸಾಯವನ್ನೂ ನೋಡಿಕೊಂಡು, ಕವಿತೆ ಬರೆದು, ಕಾಸರಗೋಡಿನ ಕನ್ನಡಕ್ಕಾಗಿ ಹೋರಾಡಿದರು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರೇ ‘ದುಡಿತವೇ ನನ್ನ ದೇವರು’. ಮುದ್ದಣನ ಕತೆ ಮಾತ್ರ ಕರುಣಾಜನಕ. ನಂದಳಿಕೆಯ ಲಕ್ಷ್ಮೀನಾರಣಪ್ಪನು ಉಡುಪಿಯಲ್ಲಿ ವ್ಯಾಯಾಮದ ಮಾಸ್ತರ. ಹಗಲು ಹುಡುಗರಿಗೆ ಕವಾಯತು ಕಲಿಸಿ, ಮಿಕ್ಕ ಹೊತ್ತಿನಲ್ಲಿ ಹೆಸರನ್ನು ಮರೆಸಿಕೊಂಡು ಹಳಗನ್ನಡದಲ್ಲಿ ಕಾವ್ಯ ಬರೆದವನು ಆತ. ಬಡತನವೂ ಕ್ಷಯವೂ ಸೇರಿ 1901ರಲ್ಲಿ, 31 ವರ್ಷವಾಗುವಷ್ಟರಲ್ಲಿಯೇ, ಅವನನ್ನು ಕೊಂಡೊಯ್ದುವು.

ಆ ಮುದ್ದಣನ ‘ಶ್ರೀರಾಮಾಶ್ವಮೇಧ’ವನ್ನು ಓದಿದವರಿಗೆ ಅದರ ಆರಂಭ ತಿಳಿದೇ ಇರುವುದು. ಕವಿ ಅರಮನೆಯಿಂದ ಬಳಲಿ ಮನೆಗೆ ಬರುವನು, ಮಡದಿ ಮನೋರಮೆ ಎದುರುಗೊಂಡು ಉಪಚರಿಸುವಳು, ಮಳೆಗಾಲದ ಹೊತ್ತು ಕಳೆಯಲು ಒಂದು ಕತೆ ಹೇಳೆಂದು ಕೇಳುವಳು, ಕಾವ್ಯ ಹುಟ್ಟುವುದು. ನಮ್ಮ ಲೆಕ್ಕದಲ್ಲಿ ಬಿಟ್ಟುಹೋದ ಅಂಕಿ ಇದೇ ಎಂದು ನಮಗೆ ತೋರುತ್ತದೆ. ಆ ಕಾಲದ ಗಂಡಸಿಗೆ ಶಾಲೆಯಿಂದ ಬಂದ ಮೇಲೆ ಒಲೆ ಹಚ್ಚುವ ಹೊಣೆಯಿರಲಿಲ್ಲ. ಅವನ ಪುಸ್ತಕ, ಸಭೆ, ತಾಳಮದ್ದಳೆಗಳ ಹಿಂದೆ ಒಲೆಯ ಮುಂದೆ ಇನ್ನೊಂದು ಜೀವವಿತ್ತು. ಇಂದು ದೇಶದ ಶಾಲೆಗಳಲ್ಲಿ ಕಲಿಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ತ್ರೀಯರು. ಅವರು ಬಳಲಿ ಬಂದಾಗ ಎದುರುಗೊಳ್ಳುವವರು ಯಾರು? ಮುದ್ದಣನೂ ಅವಳೇ, ಮನೋರಮೆಯೂ ಅವಳೇ ಆಗಬೇಕಾದರೆ ಕತೆ ಹುಟ್ಟುವುದು ಎಲ್ಲಿಂದ?

ಇದು ನಮ್ಮ ಕಲ್ಪನೆಯಲ್ಲ. ಸರಕಾರವು 2024ರಲ್ಲಿ ನಡೆಸಿದ ಕಾಲಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವ ಸ್ತ್ರೀಯರು ಅದಕ್ಕಾಗಿ ದಿನಕ್ಕೆ 289 ನಿಮಿಷ ಕಳೆಯುವರು. ಅದೇ ಕೆಲಸಕ್ಕೆ ಕೈಹಾಕುವ ಪುರುಷರು 88 ನಿಮಿಷ. (ಕೈಯನ್ನೇ ಹಾಕದ ಪುರುಷರು ಈ 88ರ ಲೆಕ್ಕದಲ್ಲಿ ಸೇರಿಲ್ಲವೆಂಬುದನ್ನು ಗಮನಿಸಬೇಕು.)

ಇಂಥ ಸೋದರಿಯರಿಗೆ ಪತ್ರಿಕೆಗಳು ಸಾಮಾನ್ಯವಾಗಿ ಕೊಡುವ ಉಪದೇಶವೊಂದುಂಟು: ಬೆಳಗ್ಗೆ ನಾಲ್ಕಕ್ಕೆ ಏಳಿರಿ, ವೇಳಾಪಟ್ಟಿ ಹಾಕಿಕೊಳ್ಳಿರಿ, ಎಲ್ಲವೂ ಸರಿಹೋಗುವುದು. ಈ ಉಪದೇಶ ನಮಗೆ ಸಮ್ಮತವಲ್ಲ. ಅದು ನಿದ್ರೆಯಿಂದ ಕದ್ದು ಮನೆಗೆ ಕೊಡುವ ಉಪಾಯವಷ್ಟೆ. ಅರ್ಧ ಗಂಟೆ ಶಾಲೆಯಲ್ಲಿಯೇ ನಿಂತು ಪತ್ರಿಕೆಗಳನ್ನು ತಿದ್ದಿ ಬರಿಯ ಚೀಲದೊಡನೆ ಮನೆಗೆ ಬರುವುದು ಅದಕ್ಕಿಂತ ಮೇಲು. ಆದರೆ ಆ ಅರ್ಧ ಗಂಟೆ ತಡವಾದುದಕ್ಕೆ ಮನೆಯಲ್ಲಿ ಯಾರೂ ಮುಖ ಗಂಟಿಕ್ಕಬಾರದು. ರಾತ್ರಿ ಎಂಟರ ಬಳಿಕ ಪೋಷಕರ ಕರೆಗೆ ಉತ್ತರವಿಲ್ಲವೆಂದು ಮೊದಲ ಸಭೆಯಲ್ಲಿಯೇ ತಿಳಿಸಿಬಿಟ್ಟರೆ ಒಳ್ಳೆಯದು. ಒಂದೆರಡು ವಾರ ಗೊಣಗಿದರೂ ಅವರು ಒಗ್ಗಿಕೊಳ್ಳುವರು.

ಸ್ವಂತದ ಹೊತ್ತೆಂದರೆ ಸೋಮಾರಿತನವೆಂದು ತಿಳಿಯುವ ಅತ್ತೆಯಂದಿರಿಗೂ ಒಂದು ಮಾತು ಹೇಳಬೇಕು. ಸಂಗೀತ, ಹೂತೋಟ, ಯಕ್ಷಗಾನ ಯಾವುದರಲ್ಲಾದರೂ ಮನಸ್ಸಿಟ್ಟಿರುವ ಉಪಾಧ್ಯಾಯಿನಿಯ ಪಾಠವನ್ನು ಮಕ್ಕಳು ಬೇಗನೆ ಗುರುತಿಸುವರು. ತಾಳಮದ್ದಳೆಯಲ್ಲಿ ದ್ರೌಪದಿಯ ಅರ್ಥ ಹೇಳಿ ಬಂದವಳಿಗೆ ಮರುದಿನ ಕನ್ನಡದ ಪಾಠ ಸಪ್ಪೆಯಾಗುವುದುಂಟೇ? ಯಕ್ಷಗಾನವೂ ಈಚೆಗೆ ಇಂಥವರಿಗೆ ಅನುಕೂಲವಾಗಿದೆ. ಹಿಂದೆ ಬೆಳಗಾಗುವವರೆಗೆ ನಡೆಯುತ್ತಿದ್ದ ಆಟಗಳು ಎಷ್ಟೋ ಕಡೆ ಕಾಲಮಿತಿಗೆ ಬಂದು ನಡುರಾತ್ರಿಯ ಸುಮಾರಿಗೆ ಮುಗಿಯುತ್ತವೆ. ಮಹಿಳೆಯರ ತಾಳಮದ್ದಳೆ ಕೂಟಗಳೂ ಜಿಲ್ಲೆಯಲ್ಲಿ ಅಲ್ಲಲ್ಲಿ ಉಂಟು. ಭಾನುವಾರ ಹೊತ್ತು ಮಾಡಿಕೊಂಡರೆ ಸಾಕು.

ಭಾನುವಾರವೆಂದರೆ ಅಡಿಗೆಯ ಮಾತು ಬಂದೇ ಬರುವುದು. ನಮ್ಮದು ಕುಚ್ಚಲಕ್ಕಿಯ ಊರು. ಅದು ಬೆಳ್ತಿಗೆಯಂತೆ ಚಿಟಿಕೆ ಹೊಡೆಯುವಷ್ಟರಲ್ಲಿ ಬೇಯದು. ಮನೆಯ ಯಜಮಾನರಿಗಾಗಿ ವಿಧಾನವನ್ನು ಇಲ್ಲಿಯೇ ಬರೆಯುತ್ತೇವೆ. ಅಕ್ಕಿಯನ್ನು ಎರಡು ಮೂರು ಸಲ ತೊಳೆದು, ಧಾರಾಳ ನೀರು ಕುದಿಯುವಾಗ ಹಾಕಿ, ಬೆಂಕಿಯನ್ನು ತಗ್ಗಿಸಬೇಕು. ಆಗಾಗ ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ನೋಡಬೇಕು. ನಡುವೆ ಗಟ್ಟಿಯಿಲ್ಲದಂತಾದಾಗ ಇಳಿಸಿ ಬಸಿಯಬೇಕು, ತೆಳಿಯನ್ನು ಚೆಲ್ಲಬಾರದು. ಮುಕ್ಕಾಲು ಗಂಟೆ, ಕೆಲವೊಮ್ಮೆ ಒಂದು ಗಂಟೆ ಹಿಡಿಯುವುದು. ಆ ಹೊತ್ತಿನಲ್ಲಿ ಪತ್ರಿಕೆ ಓದುತ್ತ ಕೂರಬಹುದು, ಆದರೆ ಕಣ್ಣು ಪಾತ್ರೆಯ ಮೇಲಿರಲಿ. ಉಕ್ಕಿದರೆ ಒಲೆಯನ್ನು ಒರೆಸುವ ಕೆಲಸವೂ ತಮ್ಮದೇ.