ಭರಣಿ ಒರೆಸಬಹುದು, ಎದೆ ಒರೆಸುವುದು ಹೇಗೆ ಸ್ವಾಮಿ?

ಸಿದ್ಧಾರ್ಥನಗರದ ದೊಡ್ಡ ರಸ್ತೆಯಲ್ಲಿ ಯಾವುದಾದರೂ ಅಂಗಡಿಯ ಮುಂದೆ ಬೆಳಗ್ಗೆ ಹತ್ತು ನಿಮಿಷ ನಿಂತು ನೋಡಿ. ಬಾಗಿಲು ತೆಗೆದ ಯಜಮಾನರು ಮೊದಲು ದೇವರಿಗೆ ಊದುಬತ್ತಿ ಹಚ್ಚುತ್ತಾರೆ, ಆಮೇಲೆ ಬಿಸ್ಕತ್ತಿನ ಭರಣಿಗಳನ್ನು ಒರೆಸುತ್ತಾರೆ. ಮಧ್ಯಾಹ್ನಕ್ಕೆ ಮತ್ತೆ ಒಂದು ಪದರ ಧೂಳು, ಸಾಯಂಕಾಲಕ್ಕೆ ಇನ್ನೊಂದು. ಬಟ್ಟೆ ಹಿಂಡಿದರೆ ಬರುವ ನೀರು ಕಾಫಿ ಡಿಕಾಕ್ಷನ್ ಬಣ್ಣ! ಭರಣಿಗೇನೋ ಬಟ್ಟೆ ಉಂಟು. ಅದೇ ಗಾಳಿಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ಕೂರುವ ಯಜಮಾನರ ಎದೆಯನ್ನು ಒರೆಸುವವರು ಯಾರು?

"ಮೈಸೂರಲ್ಲಿ ಎಂಥ ಹೊಗೆ ಬಿಡಿ ಸ್ವಾಮಿ, ದೆಹಲಿ ಕಡೆ ನೋಡಿ" ಅಂತೀರಾ? ಒಪ್ಪೋಣ. 2019ರಲ್ಲಿ ಕೇಂದ್ರ ಸರ್ಕಾರ ಗಾಳಿ ಶುದ್ಧ ಮಾಡುವ ಕಾರ್ಯಕ್ರಮವೊಂದನ್ನು ಆರಂಭಿಸಿ, ಗಾಳಿ ಕೆಟ್ಟ ಊರುಗಳ ಪಟ್ಟಿ ಮಾಡಿತು. ದೇಶದ ನೂರಕ್ಕೂ ಹೆಚ್ಚು ಊರುಗಳಲ್ಲಿ ನಮ್ಮ ರಾಜ್ಯದವು ನಾಲ್ಕು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಮೈಸೂರಿನ ಹೆಸರಿಲ್ಲ. ಅದಕ್ಕೂ ಮೊದಲು, 2015 ಮತ್ತು 2016ರಲ್ಲಿ, ದೇಶದ ಸ್ವಚ್ಛ ನಗರ ಎಂಬ ಪಟ್ಟವೂ ನಮಗೇ ಸಿಕ್ಕಿತ್ತು. ಸಂತೋಷ. ಆದರೆ ಫೇಲಾಗದ ಹುಡುಗರೆಲ್ಲ ರ್‍ಯಾಂಕ್ ಬಂದವರಲ್ಲ. ಗುಡಿಸಿದ ರಸ್ತೆ ಬೇರೆ, ಉಸಿರಾಡುವ ಗಾಳಿ ಬೇರೆ.

ಪಾಸಿನ ಅಂಕವನ್ನೇ ಸ್ವಲ್ಪ ನೋಡೋಣ. ಪುಪ್ಪುಸದ ಆಳಕ್ಕೆ ಇಳಿಯುವ ನುಣ್ಣನೆಯ ಧೂಳಿಗೆ ತಜ್ಞರು ಪಿಎಂ 2.5 ಎನ್ನುತ್ತಾರೆ. ನಮ್ಮ ತಲೆಗೂದಲಿನ ಇಪ್ಪತ್ತರಲ್ಲೊಂದು ಪಾಲಿನಷ್ಟು ದಪ್ಪವೂ ಇಲ್ಲದ ಕಣ ಅದು. ವರ್ಷದ ಸರಾಸರಿ ಲೆಕ್ಕದಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಇದು 40 ಮೈಕ್ರೋಗ್ರಾಂ ವರೆಗೆ ಇರಬಹುದೆಂದು ನಮ್ಮ ದೇಶ 2009ರಲ್ಲಿ ನಿಗದಿ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೇಳಿದ್ದು 10. 2021ರಲ್ಲಿ ಅದನ್ನೂ ಇಳಿಸಿ 5 ಮಾಡಿತು. ಸರ್ಕಾರದ ಪಾಸ್ ಮಾರ್ಕು ಒಂದು, ನಮ್ಮ ಎದೆಗೂಡಿನ ಪಾಸ್ ಮಾರ್ಕು ಇನ್ನೊಂದು ಎಂದಾಯಿತು.

ಇದು ಬರೀ ಕಾಗದದ ಲೆಕ್ಕ ಅಲ್ಲ ಕಣ್ರೀ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು ಆರು ಊರುಗಳ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಹದಿನಾಲ್ಕರಿಂದ ಹದಿನಾರು ವರ್ಷ ಹಿಂಬಾಲಿಸಿ ನೋಡಿ, 1993ರಲ್ಲಿ ವರದಿ ಕೊಟ್ಟರು. ಬೀಡಿ-ಸಿಗರೇಟಿನ ಲೆಕ್ಕ ಕಳೆದ ಮೇಲೂ, ಅತಿ ಕೊಳಕು ಗಾಳಿಯ ಊರಿನಲ್ಲಿ ಸಾವಿನ ಪ್ರಮಾಣ ಅತಿ ಶುದ್ಧ ಗಾಳಿಯ ಊರಿಗಿಂತ ಶೇಕಡಾ 26ರಷ್ಟು ಹೆಚ್ಚಿತ್ತು. ಆ ಕೊಳಕು ಊರಿನ ನುಣ್ಣನೆಯ ಧೂಳಿನ ಸರಾಸರಿ ಎಷ್ಟು ಗೊತ್ತೆ? ಸುಮಾರು 30. ಅಂದರೆ ನಮ್ಮ ಕಾನೂನಿನ ಪ್ರಕಾರ ಆ ಊರು ಪಾಸು!

ಈ ಧೂಳಿನ ಕೆಲಸ ಹೇಗೆಂದರೆ, ದಪ್ಪ ಧೂಳನ್ನು ಮೂಗು ಹಿಡಿದು ನಿಲ್ಲಿಸುತ್ತದೆ. ಸೀನಿದರೆ, ಉಗುಳಿದರೆ ಹೋಯಿತು. ನುಣ್ಣನೆಯದು ನೇರ ಪುಪ್ಪುಸದ ಗಾಳಿಚೀಲಕ್ಕೆ ಇಳಿಯುತ್ತದೆ. ಅದರಲ್ಲೂ ಅತಿ ಸಣ್ಣದು ರಕ್ತಕ್ಕೇ ಸೇರುತ್ತದೆ. ಅಲ್ಲಿ ಒಳಗೊಳಗೇ ಉರಿಯೂತ. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ಉಳಿತಾಯಕ್ಕೆ ಮಾತ್ರ ಹೇಳಿದ ಮಾತಲ್ಲ. ಇವತ್ತು ಗಂಟಲು ಕೆರೆತ, ನಾಲ್ಕು ವರ್ಷಕ್ಕೆ ಬಿಡದ ಕೆಮ್ಮು, ಹದಿನೈದು ವರ್ಷಕ್ಕೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹಾಗಿರಲಿ, ಮನೆಯ ಮಹಡಿ ಮೆಟ್ಟಿಲು ಹತ್ತಿದರೂ ದಮ್ಮು. ಹೃದಯಾಘಾತ, ಲಕ್ವಗಳಿಗೂ ಇದು ಹಾದಿ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಹೇಳಿತು. 2013ರಲ್ಲಿ ಊರಿನ ಕೆಟ್ಟ ಗಾಳಿಯನ್ನೂ ಅದೇ ಪಟ್ಟಿಗೆ ಸೇರಿಸಿತು.

ಇನ್ನು ನಮ್ಮ ಬಡಾವಣೆಗೆ ಬನ್ನಿ. ಗಳಿಗೆ ಗಳಿಗೆಗೂ ಗಾಳಿ ಅಳೆಯುವ ಮಾಲಿನ್ಯ ನಿಯಂತ್ರಣ ಮಂಡಳಿಯ ಯಂತ್ರ ಇರುವುದು ಹೆಬ್ಬಾಳದಲ್ಲಿ. ಸಿದ್ಧಾರ್ಥನಗರ ಊರಿನ ಇನ್ನೊಂದು ತುದಿ. ಹೆಬ್ಬಾಳದವನ ಕೈ ಹಿಡಿದು ನೋಡಿ ಸಿದ್ಧಾರ್ಥನಗರದವನಿಗೆ ಜ್ವರವಿಲ್ಲ ಎಂದ ಹಾಗಾಯಿತು! ಊರಿನ ಸರಾಸರಿ ಎಷ್ಟೇ ಇರಲಿ, ರಸ್ತೆಯಂಚಿನಲ್ಲಿ ಗಾಳಿ ಅದಕ್ಕಿಂತ ಕೆಟ್ಟದ್ದು. ಅಲ್ಲಿ ಇರುವವರು ಯಾರು? ಅಂಗಡಿಯವರು, ಆಟೋದವರು, ಹೂ ಮಾರುವ ಅಮ್ಮಂದಿರು, ತಿ. ನರಸೀಪುರ ರಸ್ತೆಯಲ್ಲಿ ಬಸ್ಸಿಗೆ ಕಾಯುವ ಕಾಲೇಜು ಹೆಣ್ಣುಮಕ್ಕಳು. ಕಾರಿನ ಗಾಜು ಏರಿಸಿಕೊಂಡು ಹೋಗುವವರಿಗೆ ಈ ಲೆಕ್ಕ ತಿಳಿಯುವುದಿಲ್ಲ.

ಚಳಿಗಾಲದ ಬೆಳಗ್ಗೆ ಇನ್ನೊಂದು ಪೂಜೆ ಉಂಟು. ಗುಡಿಸಿದ ಒಣಗಿದೆಲೆಯನ್ನು ಮೂಲೆಗೆ ಕೂಡಿಸಿ, ಜೊತೆಗೆ ನಾಲ್ಕು ಪ್ಲಾಸ್ಟಿಕ್ ಕವರು ಸೇರಿಸಿ ಬೆಂಕಿ ಇಡುವುದು. ತಣ್ಣನೆಯ ಗಾಳಿಯಲ್ಲಿ ಹೊಗೆ ಮೇಲೇರದೆ ನೆಲದ ಮಟ್ಟದಲ್ಲೇ ಮಲಗುತ್ತದೆ. ಸರಿಯಾಗಿ ಆ ಹೊತ್ತಿಗೇ ಶಾಲೆ ಮಕ್ಕಳು, ವಾಕಿಂಗ್ ಹೊರಟ ತಾತಂದಿರು! ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ರಾಶಿ ಸುಟ್ಟರೆ 25,000 ರೂಪಾಯಿ ವಸೂಲಿ ಮಾಡಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶ ಮಾಡಿದೆ. ನಮ್ಮ ಬೀದಿಯಲ್ಲಿ ಯಾರಾದರೂ ದಂಡ ಕಟ್ಟಿದ್ದನ್ನು ನೀವು ಕಂಡಿದ್ದೀರಾ? ನಾನಂತೂ ಕಾಣೆ. ಧೂಳು ತಡೆಯುವ ಮರಗಳ ಗತಿಯೋ? 2025ರ ಏಪ್ರಿಲ್‌ನಲ್ಲಿ ಹತ್ತಿರದ ಹೈದರಾಲಿ ರಸ್ತೆಯಲ್ಲಿ 40 ಮರಗಳು ಉರುಳಿದ್ದನ್ನು ಊರು ಮರೆತಿಲ್ಲ.

ಹಾಗಾದರೆ ಮಾಡೋದೇನು? ಕೋಟಿಗಟ್ಟಲೆ ಯೋಜನೆ ಕೇಳುತ್ತಿಲ್ಲ. ಎಲೆ ಸುಡುವುದು ನಿಲ್ಲಲಿ. ವಾರ್ಡಿಗೊಂದು ಗೊಬ್ಬರದ ಗುಂಡಿ ಸಾಕು. ಮರಳು, ಜಲ್ಲಿ ಹೊತ್ತ ಲಾರಿಗೆ ಟಾರ್ಪಾಲು ಹೊದಿಸಲಿ. ಅಗೆದ ರಸ್ತೆ ಮುಚ್ಚುವ ತನಕ ದಿನಕ್ಕೆರಡು ಸಲ ನೀರು ಹಾಕಲಿ. ನಿಂತ ಬಸ್ಸು, ವ್ಯಾನುಗಳ ಎಂಜಿನ್ ಆರಿಸಲಿ. ಗಾಳಿ ಅಳೆಯುವ ಯಂತ್ರವೊಂದು ಈ ಕಡೆಗೂ ಬರಲಿ, ಅದರ ಅಂಕಿ ಬಸ್ ಸ್ಟಾಪಿನಲ್ಲಿ ಎಲ್ಲರಿಗೂ ಕಾಣಲಿ. ನಮ್ಮ ಪಾಲಿನದೂ ಇದೆ: ಅಂಗಡಿ ಮುಂದಿನ ಕಸಕ್ಕೆ ಕಡ್ಡಿ ಗೀರಬೇಡಿ, ಒಣಪೊರಕೆಗೆ ಮೊದಲು ಒಂದು ಚೊಂಬು ನೀರು ಚಿಮುಕಿಸಿ, ಎರಡು ವಾರ ದಾಟಿದ ಕೆಮ್ಮಿಗೆ ಶುಂಠಿ ಕಷಾಯ ನಂಬಿ ಕೂರದೆ ಡಾಕ್ಟರಿಗೆ ತೋರಿಸಿ.

ಮಾಡಿದರೆ ಫಲ ಇದೆಯೆ? ಇದೆ. ಲಾಸ್ ಏಂಜಲೀಸ್ ಸುತ್ತಮುತ್ತ ಗಾಳಿ ಸುಧಾರಿಸಿದ ಹಾಗೆಲ್ಲ ಅಲ್ಲಿನ ಮಕ್ಕಳ ಪುಪ್ಪುಸದ ಬೆಳವಣಿಗೆಯೂ ಸುಧಾರಿಸಿತೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ದೊಡ್ಡವರ ಕೆಟ್ಟ ಪುಪ್ಪುಸ ಹೊಸದಾಗಲಾರದು, ಮಕ್ಕಳದು ಕೆಡದ ಹಾಗೆ ಕಾಯಬಹುದು.

ಜಿಲ್ಲಾಧಿಕಾರಿಗಳ ಹೊಸ ಕಚೇರಿ ಈಗ ನಮ್ಮ ಸಿದ್ಧಾರ್ಥನಗರದಲ್ಲೇ ಇದೆ. ದೀಪದ ಕೆಳಗೇ ಕತ್ತಲೆ ಆಗದಿರಲಿ. ಸಾಹೇಬರು ಒಂದು ಬೆಳಗ್ಗೆ ಕಾರು ಬಿಟ್ಟು, ಒಂದು ಬಿಳಿ ಕರ್ಚೀಫು ಹಿಡಿದು ಬಸ್ ಸ್ಟಾಪಿನಲ್ಲಿ ಅರ್ಧ ಗಂಟೆ ನಿಲ್ಲಲಿ. ಆಮೇಲೆ ಮುಖ ಒರೆಸಿಕೊಂಡು ಕರ್ಚೀಫು ನೋಡಲಿ. ಉಳಿದ ವರದಿ ಅದರಲ್ಲೇ ಇರುತ್ತದೆ.