ಫೋನ್ ಹಚ್ಚಿದರೆ ಸಾಲದು, ನಂಬರ್ ಬರಕೊಳ್ಳಿ



ಔರಾದಿನಿಂದ ಬಸ್ ಹಿಡಿದು ಬೀದರಕ್ಕೆ ಹೋಗಿ, ‘ಸಾಹೇಬರು ಮೀಟಿಂಗಿಗೆ ಹೋಗ್ಯಾರ, ನಾಳೆ ಬಾ’ ಎಂಬ ಮಾತು ಕೇಳಿ ತಿರುಗಿ ಬಂದವರು ನಿಮ್ಮಲ್ಲಿ ಎಷ್ಟು ಮಂದಿ? ದಿನದ ಕೂಲಿ ಹೋಯಿತು, ಬಸ್ಸಿನ ರೊಕ್ಕ ಹೋಯಿತು, ಕೆಲಸ ಮಾತ್ರ ಆಗಲಿಲ್ಲ. ಈ ಅಲೆದಾಟ ತಪ್ಪಿಸಲೆಂದೇ ಸರಕಾರ ಫೋನ್ ನಂಬರುಗಳನ್ನು ಕೊಟ್ಟಿದೆ. ಯಾವ ಕಷ್ಟಕ್ಕೆ ಯಾವ ನಂಬರ್ ಎಂಬುದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ.

ಬೆಳೆ ವಿಮೆಯನ್ನೇ ತೆಗೆದುಕೊಳ್ಳಿ. 2025ರ ಆಗಸ್ಟ್ ಕೊನೆಗೆ ಮಳೆ ಹೊಡೆದು ಭಾಲ್ಕಿ, ಔರಾದ ಕಡೆ ಹೆಸರು, ಉದ್ದು, ಸೋಯಾ ನೀರಲ್ಲಿ ನಿಂತದ್ದನ್ನು ಮರೆತಿಲ್ಲವಷ್ಟೆ. ಹೊಲಕ್ಕೆ ನೀರು ನುಗ್ಗಿ ಬೆಳೆ ಕೆಟ್ಟರೆ 72 ತಾಸಿನೊಳಗೆ ತಿಳಿಸಬೇಕೆಂಬುದು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಕರಾರು. ಕೊಯ್ದು ಒಣಗಲು ಹರವಿದ ಬೆಳೆ 14 ದಿನದೊಳಗೆ ಅಕಾಲದ ಮಳೆಗೆ ಸಿಕ್ಕರೂ ಇದೇ ಗಡುವು. ನಂಬರ್ 14447. ಹಳ್ಳ ತುಂಬಿ, ದಾರಿ ಬಂದಾಗಿ, ಕರೆಂಟ್ ಹೋಗಿ, ಮೊಬೈಲಿಗೆ ಚಾರ್ಜ್ ಇಲ್ಲದ ಮೂರೇ ದಿನ! ಈ ಕರಾರು ಬರೆದವರು ಮಳೆಗಾಲದಾಗ ಮಾಂಜ್ರಾ ದಂಡೆಗೆ ಬಂದು ನೋಡಿರಲಿಕ್ಕಿಲ್ಲ.

ಆದ್ದರಿಂದ ಪಹಣಿ, ಬ್ಯಾಂಕ್ ಪಾಸ್‌ಬುಕ್, ವಿಮೆಯ ಅರ್ಜಿ ಸಂಖ್ಯೆ ಮುಂದಿಟ್ಟುಕೊಂಡೇ ಫೋನ್ ಹಚ್ಚಿರಿ. ‘ಆಯ್ತು, ತಿಳಿಸ್ತೀವಿ’ ಅಂದರೆ ಇಟ್ಟುಬಿಡಬೇಡಿ. ದೂರಿನ ನಂಬರ್ ಕೇಳಿ, ತಾರೀಖು ತಾಸು ಸಹಿತ ಬರಕೊಳ್ಳಿರಿ. ನಾಳೆ ‘ನೀ ಫೋನೇ ಮಾಡಿಲ್ಲ’ ಅಂದರೆ ತೋರಿಸಲು ಕೈಯಾಗ ಏನಾದರೂ ಇರಬೇಕಲ್ಲ?

ಸಾಲದ ಕಥೆ ಬೇರೆ. ವಸೂಲಿಯವರು ಮನೆಬಾಗಿಲಿಗೆ ಬಂದು ಹೆಣ್ಣುಮಕ್ಕಳೆದುರು ಬೈದು ಬೆದರಿಸಿದರೆ 112ಕ್ಕೆ ಫೋನ್ ಮಾಡಿ ಪೊಲೀಸರನ್ನು ಕರೆಯಿರಿ. ಕಿರುಸಾಲದ ದೌರ್ಜನ್ಯ ತಡೆಯಲು ಕರ್ನಾಟಕ 2025ರಲ್ಲಿ ಕಾಯ್ದೆಯನ್ನೇ ಮಾಡಿದೆ. 10 ವರ್ಷದವರೆಗೆ ಸೆರೆವಾಸ ಉಂಟು. ವಕೀಲರಿಗೆ ಕೊಡಲು ರೊಕ್ಕ ಇಲ್ಲವೆ? 15100 ಕಾನೂನು ಸೇವಾ ಪ್ರಾಧಿಕಾರದ ನಂಬರು. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ನೆರೆ ಬರಕ್ಕೆ ಸಿಕ್ಕವರಿಗೆ 1987ರ ಕಾಯ್ದೆಯಂತೆ ವಕೀಲರ ನೆರವು ಪುಕ್ಕಟೆ. ಇದು ಯಾರ ಭಿಕ್ಷೆಯೂ ಅಲ್ಲ.

ಇನ್ನೊಂದು ನಂಬರನ್ನು ಮನೆಯವರೇ ನೆನಪಿಡಬೇಕು. ಸಾಲದ ಚಿಂತೆಯಲ್ಲಿ ಊಟ ಬಿಟ್ಟು, ಮಾತು ಬಿಟ್ಟು ಕೂತ ಯಜಮಾನ ತಾನಾಗಿ ಫೋನ್ ಹಚ್ಚುವುದಿಲ್ಲ. 14416, ಟೆಲಿ ಮನಸ್, 2022ರ ಅಕ್ಟೋಬರಿನಲ್ಲಿ ಆರಂಭವಾದದ್ದು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ನಾಚಿಕೆ ಬೇಡ.

ತೊಗರಿಗೆ ನ್ಯಾಯವಾದ ಬೆಲೆ ಕೊಡಿಸುವ ನಂಬರ್ ಮಾತ್ರ ಇನ್ನೂ ಹುಟ್ಟಿಲ್ಲ, ಆ ಮಾತು ಇರಲಿ. ಫೋನಿನಲ್ಲಿ ಬರೆಸಿದ ದೂರು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೂ ಅದೇ ದಿನ ಮುಟ್ಟಲಿ, ಹೊಲ ನೋಡುವ ತಾರೀಖನ್ನು ರೈತನಿಗೆ ಮೊದಲೇ ತಿಳಿಸಲಿ ಎಂಬುದೇ ನಮ್ಮ ಬೇಡಿಕೆ. ಅಲ್ಲಿಯವರೆಗೆ, ದೂರಿನ ನಂಬರ್ ಸಿಕ್ಕೂ ಯಾರೂ ಹೊಲಕ್ಕೆ ಬರದಿದ್ದರೆ, ಆ ಚೀಟಿಗಳನ್ನು ಹಿಡಿದು ತಾಲೂಕಿನ ಕೃಷಿ ಕಚೇರಿಗೆ ನಡೆಯಿರಿ. ಒಬ್ಬೊಬ್ಬರೇ ಹೋಗಬೇಡಿ, ಊರಿಗೆ ಊರೇ ಹೋಗಿರಿ.