ಗೈಬ್‌ನ ವಿಶ್ವಾಸಕ್ಕೆ ಜಿನೀವಾದ ಸಾಕ್ಷ್ಯ ಬೇಕೆ?

ವಿಜ್ಞಾನಿಗಳು ಹೆಚ್ಚುವರಿ ಆಯಾಮಗಳನ್ನು ಕಂಡುಹಿಡಿದಿದ್ದಾರೆ, ಜಿನ್ನ್‌ಗಳ ಲೋಕವೂ ಏಳು ಆಕಾಶಗಳೂ ಇದರಿಂದ ಸಾಬೀತಾದವು ಎಂಬ ಅರ್ಥದ ಸಂದೇಶಗಳು ಆಗಾಗ ನಮ್ಮ ಮೊಬೈಲುಗಳಿಗೆ ಬರುತ್ತಿರುತ್ತವೆ. ತಾಳಿಕೋಟೆಯಲ್ಲಾಗಲಿ ಮಂಗಳೂರಿನಲ್ಲಾಗಲಿ, ಅದನ್ನೋದಿ ಸುಬ್‌ಹಾನಲ್ಲಾಹ್ ಎಂದು ಮುಂದಕ್ಕೆ ಕಳುಹಿಸುವವರ ಉದ್ದೇಶದಲ್ಲಿ ದೋಷವಿಲ್ಲ. ಆದರೆ ಸಂಗತಿ ಸತ್ಯವಲ್ಲ.

ನಡೆದಿರುವುದಿಷ್ಟು. ಒಂದು ಚಿಕ್ಕ ಅಯಸ್ಕಾಂತವು ಇಡೀ ಭೂಮಿಯ ಸೆಳೆತವನ್ನು ಮೀರಿ ಗುಂಡುಸೂಜಿಯನ್ನು ಮೇಲೆತ್ತುತ್ತದೆ. ಗುರುತ್ವ ಬಲ ಇಷ್ಟು ದುರ್ಬಲವೇಕೆ? ನಮಗೆ ತಿಳಿದಿರುವ ಉದ್ದ, ಅಗಲ, ಎತ್ತರಗಳಾಚೆ ಸುರುಳಿಗೊಂಡ ಬೇರೆ ಆಯಾಮಗಳಿದ್ದು, ಗುರುತ್ವದ ಬಹುಪಾಲು ಅಲ್ಲಿ ಹರಡಿಹೋಗಿರಬಹುದೆಂದು 1998ರಲ್ಲಿ ಅರ್ಕಾನಿ-ಹಮೆದ್, ದಿಮೊಪೌಲೊಸ್ ಮತ್ತು ದ್ವಾಲಿ ಎಂಬ ಮೂವರು ಊಹಿಸಿದರು. ಮರುವರ್ಷ ರ್‍ಯಾಂಡಲ್ ಮತ್ತು ಸುಂದ್ರಮ್ ಇನ್ನೊಂದು ಬಗೆಯ ಊಹೆಯನ್ನು ಮಂಡಿಸಿದರು. ಇವು ಗಣಿತದಿಂದ ಹೆಣೆದ ಊಹೆಗಳು, ಪರೀಕ್ಷೆಗೆ ಒಡ್ಡಬೇಕಾದವು.

ಪರೀಕ್ಷೆ ನಡೆಯುತ್ತಿರುವುದು ಜಿನೀವಾದ ಬಳಿ, ನೆಲದಡಿಯ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ. ಎದುರುಬದುರಾಗಿ ಬಂದ ಪ್ರೋಟಾನುಗಳು ಅಲ್ಲಿ ಡಿಕ್ಕಿ ಹೊಡೆಯುತ್ತವೆ. ನಮ್ಮ ಅಂಗಡಿಗಳ ಜಮಾ-ಖರ್ಚಿನಂತೆಯೇ ಅಲ್ಲಿಯೂ ಲೆಕ್ಕ ತಾಳೆಯಾಗಬೇಕು. ಡಿಕ್ಕಿಗೆ ಮೊದಲು ಅಡ್ಡದಿಕ್ಕಿನ ಸಂವೇಗ ಶೂನ್ಯ. ಆದ್ದರಿಂದ ಸಿಡಿದು ಬಂದ ಕಣಗಳದ್ದನ್ನೆಲ್ಲ ಕೂಡಿದರೂ ಶೂನ್ಯವೇ ಬರಬೇಕು. ಒಂದು ಕಡೆ ಕಣಗಳ ಸಿಡಿತ ಕಂಡು ಎದುರುಕಡೆ ಏನೂ ಕಾಣದಿದ್ದರೆ, ಕಾಣದ ಯಾವುದೋ ಒಂದು ಅದನ್ನು ಒಯ್ದಿದೆ ಎಂದರ್ಥ. ಅದು ಬೇರೆ ಆಯಾಮಕ್ಕೆ ಜಾರಿದ ಗ್ರಾವಿಟಾನ್ ಆಗಿರಬಹುದು. ಅಥವಾ ಎಲ್ಲವನ್ನೂ ತೂರಿಹೋಗುವ ಸಾಮಾನ್ಯ ನ್ಯೂಟ್ರಿನೊ ಇರಬಹುದು. ಆದ್ದರಿಂದಲೇ ನ್ಯೂಟ್ರಿನೊಗಳ ಪಾಲನ್ನು ಎಣಿಸಿ ತೆಗೆದು, ಉಳಿದುದೇನಾದರೂ ಇದೆಯೇ ಎಂದು ನೋಡುತ್ತಾರೆ. ಇದುವರೆಗೆ ಉಳಿದಿಲ್ಲ. 2012ರಲ್ಲಿ ಹಿಗ್ಸ್ ಕಣ ದೊರೆಯಿತು; ಹೆಚ್ಚುವರಿ ಆಯಾಮದ ಸುಳಿವು ದೊರೆತಿಲ್ಲ. 2008ರಲ್ಲಿ ಭೂಮಿಯನ್ನೇ ನುಂಗುತ್ತದೆಂದು ಟಿ.ವಿ. ಚಾನೆಲ್‌ಗಳು ಹೆದರಿಸಿದ್ದ ಕಿರು ಕಪ್ಪುಕುಳಿಯೂ ಕಂಡಿಲ್ಲ.

ಈಗ ಯೋಚಿಸೋಣ. ಜಿನ್ನ್‌ಗಳ ಅಸ್ತಿತ್ವಕ್ಕೆ ಈ ಯಂತ್ರವೇ ಪುರಾವೆಯೆಂದು ಮಗನಿಗೆ ಕಲಿಸಿದೆವೆನ್ನಿ. ಅವನು ಪಿಯುಸಿ ವಿಜ್ಞಾನಕ್ಕೆ ಸೇರಿ, ಯಂತ್ರ ಏನನ್ನೂ ಕಂಡಿಲ್ಲವೆಂದು ಒಂದು ದಿನ ತಾನೇ ಓದುತ್ತಾನೆ. ಆಗ ಅವನ ಸಂದೇಹ ಭೌತಶಾಸ್ತ್ರದ ಮೇಲೆ ಬೀಳುವುದಿಲ್ಲ, ಈಮಾನಿನ ಮೇಲೆ ಬೀಳುತ್ತದೆ. ನಾವೇ ಇಟ್ಟ ಟೊಳ್ಳು ಕಲ್ಲು ಅದು. ಸೂರಃ ಅಲ್-ಬಕರದ ಆರಂಭದಲ್ಲಿಯೇ ಗೈಬ್‌ನಲ್ಲಿ ವಿಶ್ವಾಸವಿಡುವವರ ಪ್ರಸ್ತಾಪವಿದೆ. ಗೈಬ್ ಎಂದರೆ ಅಲ್ಲಾಹನು ತಿಳಿಸಿದ್ದರಿಂದ ಮಾತ್ರ ನಮಗೆ ತಿಳಿದುದು. ಅಳತೆಗೆ ಸಿಗಬಹುದಾದ ಆಯಾಮ, ಇದ್ದರೆ, ಸೃಷ್ಟಿಯ ಇನ್ನೊಂದು ಮೂಲೆ, ಹಿಮಾಲಯದಂತೆ, ಚಂದ್ರನಂತೆ. ಎರಡನ್ನೂ ಬೆರೆಸುವುದು ಎರಡಕ್ಕೂ ಅನ್ಯಾಯ. ಅರಿವಿಲ್ಲದುದರ ಬೆನ್ನುಹತ್ತಬಾರದೆಂಬ ಸೂರಃ ಬನೀ ಇಸ್ರಾಈಲ್‌ನ ಆದೇಶ ಫಾರ್ವರ್ಡ್ ಮಾಡುವ ಬೆರಳಿಗೂ ಅನ್ವಯಿಸುತ್ತದೆ.

ಹಾಗೆಂದು ಈ ಹುಡುಕಾಟ ನಮಗೆ ಸಂಬಂಧಿಸಿದ್ದಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ಕಾಣದುದನ್ನು ಎಣಿಸುವ ಈ ವಿದ್ಯೆಗೆ ನಮ್ಮ ನಾಡಿನಲ್ಲೇ ಹಳೆಯ ನಂಟಿದೆ. ನಂಜನಗೂಡಿನಲ್ಲಿ ಜನಿಸಿದ ಬಿ.ವಿ. ಶ್ರೀಕಂಠನ್ ಅವರು 1951ರಲ್ಲಿಯೇ ಕೋಲಾರದ ಚಿನ್ನದ ಗಣಿಗಿಳಿದು ವಿಶ್ವಕಿರಣಗಳನ್ನು ಅಳೆಯತೊಡಗಿದರು. ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು 1965ರಲ್ಲಿ ಸಿಕ್ಕಿತು. ಅಂದು ಕಷ್ಟಪಟ್ಟು ಹಿಡಿದ ಕಣವನ್ನೇ ಇಂದು ಜಿನೀವಾದಲ್ಲಿ ಲೆಕ್ಕದಿಂದ ಕಳೆಯುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಘರ್ಷಕಗಳ ಭೌತಶಾಸ್ತ್ರವನ್ನು ಬೆಳೆಸಿದ ರೋಹಿಣಿ ಗೋಡಬೋಲೆ 2024ರಲ್ಲಿ ನಿಧನರಾದರು. ಹೆಣ್ಣುಮಕ್ಕಳಿಗೆ ಈ ವಿಷಯ ಹೇಳಿಸಿದ್ದಲ್ಲ ಎನ್ನುವ ತಂದೆಯಂದಿರು ಆ ಹೆಸರನ್ನು ಮನೆಯಲ್ಲಿ ಒಮ್ಮೆ ಹೇಳಲಿ.

ಭಾರತವು 2017ರಿಂದ ಸೆರ್ನ್‌ನ ಸಹಸದಸ್ಯ ರಾಷ್ಟ್ರ. ಇನ್ನೂ ಹೆಚ್ಚು ಡಿಕ್ಕಿಗಳನ್ನು ನೀಡುವಂತೆ ನವೀಕರಿಸಿದ ಯಂತ್ರ 2030ರ ಸುಮಾರಿಗೆ ಚಾಲನೆಗೊಳ್ಳಲಿದೆ. ಇಂದು ತಾಳಿಕೋಟೆಯ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿರುವ ಹುಡುಗಿ ಸಂಶೋಧನೆಗೆ ಅಣಿಯಾಗುವ ವೇಳೆಗೆ ಅದರ ಲೆಕ್ಕಪುಸ್ತಕ ಇನ್ನೂ ತೆರೆದೇ ಇರುತ್ತದೆ.